ಪಕ್ಕದ ಮಂಚ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ದರ್ಜಿ ಹೆಂಗಸೊಬ್ಬಳು ಠಾಣೆಗೆ ಬಂದಳು. ವೃದ್ಧರ ಆರೈಕೆ ಮನೆಯಲ್ಲಿದ್ದ ಅವಳ ತಾಯಿ ರಕ್ತಕ್ಕೆ ನಂಜೇರಿ ತೀರಿಕೊಂಡಿದ್ದರು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಮಾಲೀಕನ ಮೇಲೆ. ಅಲ್ಲಿ ಕರುಳಿರೋದು ಹಿರಿಯ ನರ್ಸ್ ಅಕ್ಕನಿಗೆ ಮಾತ್ರ. ಅವರ ತಾಯಿಯ ಪಕ್ಕದಲ್ಲೇ ನನ್ನಮ್ಮನಿಗೆ ಮಂಚ ಕೊಡಿಸಿದ್ರು. ಅವರನ್ನ ಕೇಳಿ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್ಸ್‌ಪೆಕ್ಟರ್, ಮಹಿಳಾ ಕಾನ್‌ಸ್ಟೇಬಲ್, ಆರೋಗ್ಯ ಇಲಾಖೆಯ ವೈದ್ಯೆ ಸ್ಥಳಕ್ಕೆ ಹೋದರು. ಬಾಗಿಲಲ್ಲಿ ಗ್ಲೌಸು, ಕೈಗೆ ಹಚ್ಚುವ ದ್ರವ, ಎಲ್ಲ ಸರಿಯಾಗಿಯೇ ಇತ್ತು. ಒಂದು ಮಂಚ ಖಾಲಿ. ಇನ್ನೊಂದರಲ್ಲಿ ನರ್ಸ್ ಅಕ್ಕನ ತಾಯಿ. ವೈದ್ಯೆ ಮುದುಕಿಯ ಹಿಮ್ಮಡಿಯ ಪಟ್ಟಿ ಬಿಚ್ಚಿದರು.

"ಇದು ಹಳೇ ಹುಣ್ಣು. ಮಾದರಿ ಪರೀಕ್ಷೆಗೆ ಕಳಿಸಿರಲಿಲ್ವಾ?"

"ಕಳಿಸಿದ್ದೆ. ಸೋಂಕಿಲ್ಲ ಅಂತ ಬಂತು," ಪಕ್ಕದಲ್ಲಿ ನಿಂತಿದ್ದ ಅಕ್ಕ ಅಂದಳು.

"ತೆಗೆದವರು?"

"ನಾನೇ."

ಪಂಚರ ಎದುರು ವೈದ್ಯೆ ಹೊಸದಾಗಿ ಮಾದರಿ ತೆಗೆದರು. ಕಾನ್‌ಸ್ಟೇಬಲ್ ಪಂಚನಾಮೆ ಬರೆದಳು. ವರದಿ ಬಂದಾಗ, ಸತ್ತವರ ರಕ್ತದಲ್ಲಿದ್ದ ಬ್ಯಾಕ್ಟೀರಿಯಾವೇ ಹುಣ್ಣಿನಲ್ಲೂ ಇತ್ತು. ಲ್ಯಾಬಿನಲ್ಲಿ ಉಳಿದಿದ್ದ ಹಳೇ ಮಾದರಿಯ ಡಿಎನ್‌ಎ ಮುದುಕಿಯದಾಗಿರಲಿಲ್ಲ. ಕೋರ್ಟಿನ ಅನುಮತಿಯಿಂದ ಅದನ್ನು ಅಕ್ಕನ ಡಿಎನ್‌ಎ ಜೊತೆಗೂ ಹೋಲಿಸಿ ನೋಡಿದರು.

ಇನ್ಸ್‌ಪೆಕ್ಟರ್ ಅಕ್ಕನನ್ನು ಠಾಣೆಗೆ ಕರೆಸಿದರು.

"ಹಳೇ ಮಾದರಿ ನಿಮ್ಮ ಚರ್ಮದ್ದು. ಯಾಕೆ?"

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹುಣ್ಣು ನೋಡಿದ ದಿನವೇ ಅಂಟೋ ಸೋಂಕು ಅಂತ ಗೊತ್ತಾಯ್ತು. ವರದಿ ಹೋದ್ರೆ ಅಮ್ಮನ್ನ ಒಂಟಿ ಕೋಣೆಗೆ ಹಾಕ್ತಾರೆ. ಅಪ್ಪ ಅಂಥ ಕೋಣೇಲೇ ಬಾಗಿಲು ನೋಡ್ತಾ ನೋಡ್ತಾ ಹೋದ್ರು."

"ಸರಿ. ಗೊತ್ತಿದ್ದೂ ಪಕ್ಕದ ಮಂಚಕ್ಕೆ ಇನ್ನೊಬ್ಬರನ್ನ ಯಾಕೆ ಹಾಕಿದ್ರಿ?"



"ಅಮ್ಮನಿಗೆ ಮಾತಿಗೊಬ್ಬರು ಬೇಕಿತ್ತು, ಸಾರ್. ಕೈ ಚೆನ್ನಾಗಿ ತೊಳೀತಾ ಇದ್ರೆ ಏನೂ ಆಗಲ್ಲ ಅಂದ್ಕೊಂಡೆ."

ಸಂಜೆ ಬಂಧನವಾಯಿತು. ಮುದುಕಿಯನ್ನು ಬೇರೆ ಕೋಣೆಗೆ ಸಾಗಿಸಿದರು. ಮಗಳೆಲ್ಲಿ ಎಂದು ಕೇಳುತ್ತಲೇ ಇದ್ದರಂತೆ.

ಸುದ್ದಿ ಹೇಳಲು ಕಾನ್‌ಸ್ಟೇಬಲ್ ದರ್ಜಿ ಅಂಗಡಿಗೆ ಹೋದಳು. ಹೊಲಿಗೆ ಯಂತ್ರ ನಿಂತಿತು.

"ಅಕ್ಕನಾ? ಹೆಣದ ಮುಂದೆ ನನ್ನ ತಬ್ಬಿಕೊಂಡು ಅತ್ತವರು ಅವರು!"

ಕಾನ್‌ಸ್ಟೇಬಲ್ ಅಕ್ಕನ ಹೇಳಿಕೆಯನ್ನೂ ತಿಳಿಸಿದಳು.

"ಸೇರಿಸೋ ದಿನ, ನಿಮ್ಮಮ್ಮನ ಸ್ವಭಾವ ಹೇಗೆ ಅಂತ ಅಕ್ಕ ಕೇಳಿದ್ರು," ದರ್ಜಿ ಅಂದಳು. "ಮಾತಿನ ಮಲ್ಲಿ, ಜೊತೆಗಿದ್ದವರಿಗೆ ಬೇಜಾರೇ ಆಗಲ್ಲ ಅಂತ ನಾನೇ ಹೇಳಿದ್ದೆ."