ಬಳೆಯ ಗುರುತು

"ಆ ಕತ್ತರಿ ಕೆಳಗಿಡ್ರಿ ಮೊದಲ!"

ಮೃದುಲಾ ಬಂದದ್ದು ಜಗಳಕ್ಕೆ. ನಾಸಿಕ್ ರೋಡಿನ ಅವರ ಬಾಡಿಗೆ ಮನೆಯ ಕೆಳಗೆ ಭುಜಂಗರಾಯರ ಹೋಟೆಲು, ಅದರ ಹಿಂದೆ ತಗಡಿನ ಶೆಡ್ಡು. ಅಲ್ಲಿಂದ ಬರುವ ರೆಸಿನ್ ಅಂಟಿನ ವಾಸನೆಗೆ ಮನೆಮಂದಿಗೆಲ್ಲ ತಲೆನೋವು. ಆದರೆ ಒಳಗೆ ಕಾಲಿಟ್ಟವಳಿಗೆ ಕಂಡದ್ದು ಬಟ್ಟೆ... ಅಂಟು ಹೀರಿ ಒಣಗಿದರೆ ಗಟ್ಟಿಯಾಗುವ, ಕಪ್ಪಗೆ ಮಿರುಗುವ ಕಾರ್ಬನ್ ಫೈಬರ್ ಬಟ್ಟೆ!

ಮಾರುತಿ ಕಾರಿನ ಸೈಡ್ ಮಿರರಿಗೆ ಕವರ್ ಮಾಡಲು ಹೊರಟ ಆಸಾಮಿಯೊಬ್ಬ ಅದನ್ನು ಅಚ್ಚಿನೊಳಗೆ ಕೂರಿಸಲು ಹೆಣಗುತ್ತಿದ್ದ. ಬಟ್ಟೆ ಸುಕ್ಕುಗಟ್ಟುತ್ತಿತ್ತು, ಅಂಚಿನ ಎಳೆಗಳೆಲ್ಲ ಬಿಚ್ಚಿಕೊಂಡಿದ್ದವು.

"ನೆಟ್ಟಗ ಕತ್ತರಿಸಿದ್ರ ಎಲ್ಲಿ ಬಾಗತದ್ರಿ? ರವಿಕಿಗೆ ಮಾಡ್ತೇವಲ್ಲ, ಹಂಗ ಕ್ರಾಸ್ ಕಟಿಂಗ್ ಮಾಡ್ರಿ."

ಅವನು ಕತ್ತರಿಯನ್ನು ಅವಳ ಕೈಗೇ ಕೊಟ್ಟ. ಅವಳು ಓರೆಯಾಗಿ ಕತ್ತರಿಸಿದ ತುಂಡು ಅಚ್ಚಿನ ಬಾಗಿನಲ್ಲಿ ಸುಮ್ಮನೆ ಕೂತುಬಿಟ್ಟಿತು. ಜಗಳ ಅಲ್ಲಿಗೇ ಮುಗಿಯಿತು.

ಆ ಆಸಾಮಿ ಜಯರಾಮ, ಭುಜಂಗರಾಯರ ಅಣ್ಣನ ಮಗ. ಊರು ಉಡುಪಿ ಕಡೆ, ತಂದೆಯ ಹೋಟೆಲು ಇದ್ದದ್ದು ಸಂಭಾಜಿನಗರದ ಚಿಕಲಠಾಣಾದಲ್ಲಿ. ಮೃದುಲಾಳ ಅಪ್ಪ ನರಹರಿ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರರು. ಹೊಲಿಗೆ ಕಲಿತ ಮಗಳು ಮಧ್ಯಾಹ್ನವಾದರೆ ಶೆಡ್ಡಿಗೆ ಇಳಿಯುವುದನ್ನು ಅವರು ನೋಡಿಯೂ ನೋಡದಂತಿದ್ದರು.

ಇಬ್ಬರೂ ಸೇರಿ ಹಳೆಯ ಕವರಿಗೆ ಪುಟ್ಟಿ ಮೆತ್ತಿ ತಮ್ಮದೇ ಹೊಸ ಆಕಾರ ಮಾಡಿದರು. ಪುಟ್ಟಿ ಹಸಿಯಿದ್ದಾಗ ಅವಳ ಬಳೆ ಒತ್ತಿ ಮೂಲೆಯಲ್ಲೊಂದು ಬಿದಿಗೆ ಚಂದ್ರನ ಗುರುತು ಮೂಡಿತು. ತಿದ್ದಲು ಹೋದ ಅವಳ ಕೈಯನ್ನು ಜಯರಾಮ ತಡೆದ. ಆ ಆಕಾರದಿಂದ ಅಚ್ಚು ತೆಗೆದರು. ಇನ್ನು ಪ್ರತಿ ಕವರಿನಲ್ಲೂ ಆ ಗುರುತು ಬರುವುದೇ.

"ದಸರಾಕ್ಕೆ ಅಮ್ಮನನ್ನು ಕರಕೊಂಡು ನಿಮ್ಮಪ್ಪನ ಹತ್ರ ಮಾತಾಡಲು ಬರ್ತೇನೆ. ಅಲ್ಲಿವರೆಗೆ ನೀವಿಲ್ಲದೆ ಈ ಅಚ್ಚಿಗೆ ಕೈ ಹಚ್ಚುವುದಿಲ್ಲ," ಎಂದು ಹೇಳಿ, ಅಚ್ಚನ್ನು ಹಳೆ ಪಂಚೆಯಲ್ಲಿ ಸುತ್ತಿಕೊಂಡು ಚಿಕಲಠಾಣಾಕ್ಕೆ ಹೋದ.

ದಸರಾ ಬಂತು. ದೀಪಾವಳಿಯೂ ಬಂತು. ಅವನು ಬರಲಿಲ್ಲ. ಹುಬ್ಬಳ್ಳಿಯ ಒಳ್ಳೆಯ ಸಂಬಂಧವೊಂದನ್ನು ಇಲ್ಲದ ನೆಪ ಹೇಳಿ ಬೇಡವೆಂದಳು ಹುಚ್ಚಿ. 'ಏನೋ ತೊಂದರಿ ಆಗಿರಬೇಕು... ಬಂದೇ ಬರ್ತಾರ,' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ದಿನ ಸೋದರತ್ತೆಯನ್ನು ರೈಲು ಹತ್ತಿಸಿ ಸ್ಟೇಷನ್ನಿನಿಂದ ಹೊರಬಂದಾಗ ಎದುರಿಗೊಂದು ಬಿಳಿ ಮಾರುತಿ. ಮಿರರಿಗೆ ಕಪ್ಪು ಕವರು. ಮೂಲೆಯಲ್ಲಿ ಚಂದ್ರ!

ಅವಳು ತನ್ನ ಬಳೆಯನ್ನು ಅದಕ್ಕೆ ಹಚ್ಚಿ ನೋಡಿದಳು. ಸರಿಯಾಗಿ ಕೂತಿತು. ಎಲ್ಲಿ ಸಿಕ್ಕಿತೆಂದು ಡ್ರೈವರನನ್ನು ಕೇಳಿದಳು.

ಚಿಕಲಠಾಣಾದ ಸುಧಾಕರನ ಅಂಗಡಿಯಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ ಎಂದ ಡ್ರೈವರ್.

ಮರುದಿನವೇ ಬಸ್ಸು ಹತ್ತಿದಳು. ಅಂಗಡಿಯ ಗೋಡೆ ತುಂಬ ಅವಳ ಬಳೆ! ಕೆಳಗೆ ಕೂತು ಕವರು ಉಜ್ಜುತ್ತಿದ್ದವನು ಜಯರಾಮ. ಅವಳನ್ನು ನೋಡಿ ಕೈಯಲ್ಲಿದ್ದ ಕವರು ಕೆಳಗಿಟ್ಟು ಎದ್ದು ನಿಂತ.

ನಿಮ್ಮಪ್ಪನ ಎದುರು ಅಂಗಡಿಯ ಯಜಮಾನನಾಗಿ ನಿಲ್ಲಬೇಕೆಂದಿದ್ದೆ ಎಂದ. ಅಚ್ಚು ಕೊಟ್ಟರೆ ಪಾಲುದಾರನನ್ನಾಗಿ ಮಾಡುತ್ತೇನೆಂದ ಸುಧಾಕರ, ಅಚ್ಚು ಕೈಗೆ ಬಂದ ಮೇಲೆ ಅವನನ್ನು ಆಳಾಗಿಸಿ ಕೂರಿಸಿದ್ದನಂತೆ. ಮುಖ ತೋರಿಸಲು ನಾಚಿಕೆಯಾಗಿ ಬರಲಿಲ್ಲವಂತೆ.

"ನನ್ನನ್ನ ಒಂದು ಮಾತು ಯಾಕ ಕೇಳಲಿಲ್ರಿ?"

"ಕೇಳಿದ್ದರೆ ಬೇಡ ಅಂತಿದ್ರಿ."

"ಅಂದ್ರ... ಗೊತ್ತಿದ್ದೇ ಕೊಟ್ರಿ."

ಅವಳು ಅಲ್ಲಿಂದ ಹೊರಟುಬಿಟ್ಟಳು. ಸುಧಾಕರ ಅವನಿಗೆ ಮಾಡಿದ್ದನ್ನೇ ಅವನು ಅವಳಿಗೆ ಮೊದಲೇ ಮಾಡಿದ್ದ. ಅವಳಿಗೆ ಕಣ್ಣೀರು ಬಂದದ್ದು ಬಸ್ಸಿನಲ್ಲಿ, ಅದೂ ಸಿಟ್ಟಿನಿಂದ.

ಸಂಕ್ರಾಂತಿ ಕಳೆದ ಮೇಲೆ ಜಯರಾಮ ಬಂದ. ನೇರ ನರಹರಿಯವರ ಎದುರು ನಿಂತು, ಅಂಗಡಿ ಬಿಟ್ಟೆ, ನನ್ನ ಕೈಯಲ್ಲಿ ಏನೂ ಇಲ್ಲ, ನಿಮ್ಮ ಮಗಳ ನಂಬಿಕೆಗೆ ದ್ರೋಹ ಮಾಡಿದೆ ಎಂದು ಒಂದನ್ನೂ ಮುಚ್ಚದೆ ಹೇಳಿದ. ಅವರು, ಇದನ್ನು ಅವಳೇ ತೀರ್ಮಾನಿಸಲಿ ಎಂದರು.

ಅವಳು ಎದ್ದು ಒಳಗೆ ಹೋದಳು. ಆದರೆ ಅವನು ಶೆಡ್ಡಿನಲ್ಲಿ ಹೊಸ ಅಚ್ಚಿಗಾಗಿ ಮತ್ತೆ ಹಳೆ ಕವರಿಗೆ ಪುಟ್ಟಿ ಮೆತ್ತತೊಡಗಿದಾಗ, ಕೆಲವು ದಿನ ಕಿಟಕಿಯಿಂದ ನೋಡಿ ನೋಡಿ, ಒಂದು ಮಧ್ಯಾಹ್ನ ಇಳಿದು ಬಂದಳು.

"ನಿಮ್ಮನ್ನ ಪೂರಾ ನಂಬೂದು ಇನ್ನೂ ಆಗವಲ್ದು," ಅಂದಳು.

"ಗೊತ್ತು. ಕಾಯ್ತೇನೆ. ನೀವಿಲ್ಲದೆ ನನಗೆ ಆಗುವುದಿಲ್ಲ ಮೃದುಲಾ."

ಅವಳು ಬಳೆಯನ್ನು ಹಸಿ ಪುಟ್ಟಿಗೆ ಒತ್ತಿದಳು. ಆಮೇಲೆ ಅವನ ಕೈ ಹಿಡಿದೆಳೆದು, ಹೆಬ್ಬೆರಳನ್ನು ಅದರ ಪಕ್ಕದಲ್ಲೇ ಒತ್ತಿಸಿದಳು.

"ಇದ್ಯಾಕೆ?"

"ಈ ಸಲ ನಿಮ್ಮ ಗುರುತೂ ಇರ್ಲಿ. ಇದನ್ನ ಯಾರಿಗರ ಕೊಟ್ರ ನಿಮ್ಮನ್ನೂ ಕೊಟ್ಟಂಗ."

"ನನ್ನನ್ನು ಆಗಲೇ ಕೊಟ್ಟಾಯ್ತಲ್ಲ ಮಾರಾಯ್ತಿ..."

"ಯಾರಿಗೆ?"

ಅವನು ಅವಳ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.