ಮೂರನೆಯ ಪಾಠದ ವಿಡಿಯೊ

2009ರ ಡಿಸೆಂಬರ್ 9, ಬುಧವಾರ ಬೆಳಿಗ್ಗೆ ಹತ್ತೂವರೆಗೆ ಹಂಗಳದ ಈರಮ್ಮ ಗುಂಡ್ಲುಪೇಟೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದಳು. ಮಹಿಳಾ ಕಾನ್‌ಸ್ಟೇಬಲ್ ಭವ್ಯ ಕೊಟ್ಟ ನೀರನ್ನು ಕುಡಿಯದೆ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಏನಮ್ಮ ಆಗಿದ್ದು?" ಎಂದು ಇನ್‌ಸ್ಪೆಕ್ಟರ್ ರಾಜಶೇಖರ್ ಕೇಳಿದರು.

"ನನ್ ಮಗ ಸಾಯೋದ್ನ ಕಂಪ್ಯೂಟರ್‌ನಲ್ಲಿ ತೋರ್ಸವ್ರೆ ಕಣಪ್ಪ. ಅವನ್ ಎಂಡ್ತಿಗೇ ತೋರ್ಸವ್ರೆ."

ಮಗ ಗುರುಮಲ್ಲಯ್ಯ ಒಂದು ಬೆಳೆ ಕಾವಲು ಟ್ರಸ್ಟಿನಲ್ಲಿ ಕಾವಲುಗಾರನಾಗಿದ್ದ. ಕಾಡಿನಿಂದ ಹೊಲಕ್ಕೆ ನುಗ್ಗುವ ಆನೆಗಳನ್ನು ಹಿಂದಕ್ಕೆ ಅಟ್ಟುವುದು ಅವನ ಕೆಲಸ. ಏಪ್ರಿಲ್‌ನಲ್ಲಿ ಒಂಟಿ ಆನೆಯೊಂದು ಅವನನ್ನು ತುಳಿದು ಕೊಂದಿತ್ತು. ಅವನ ಹೆಂಡತಿ ಪುಟ್ಟಸಿದ್ದಮ್ಮನಿಗೆ ಟ್ರಸ್ಟು ಈಗ ಅದೇ ಕೆಲಸ ಕೊಟ್ಟು, ಹೊಸಬರ ಜೊತೆ ಆನ್‌ಲೈನ್ ತರಬೇತಿಗೆ ಕೂರಿಸಿತ್ತು. ಸೋಮವಾರ ಮೂರನೆಯ ಪಾಠ ತೆರೆದಾಗ, ಆನೆ ಓಡಿಸುವ ವಿಧಾನದ ವಿಡಿಯೊ ಇರಬೇಕಾದ ಜಾಗದಲ್ಲಿ ಅವಳ ಗಂಡ ಕಾಣಿಸಿದ. ಅವಳು ಅಲ್ಲೇ ಕುಸಿದು ಬಿದ್ದಳು. ಅಂದಿನಿಂದ ಮಾತೇ ಆಡಿಲ್ಲ.

"ಉಣ್ಣಕಿಲ್ಲ, ಅಳಕಿಲ್ಲ. ಗ್ವಾಡೆ ನೋಡ್ಕಂಡು ಕುಂತವ್ಳೆ. ಯಾರ್ ಮಾಡುದ್ರು ಅಂತ ನಂಗೆ ಗೊತ್ತಾಗ್ಬೇಕು."

ದೂರನ್ನು ಓದಿ ಹೇಳಿ ಈರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಆ ಠಾಣೆಯಲ್ಲಿ ಆ ಕಲಂ ಬರೆದದ್ದು ಅದೇ ಮೊದಲು.

ಮಧ್ಯಾಹ್ನ ರಾಜಶೇಖರ್ ಮತ್ತು ಭವ್ಯ ಊಟಿ ರಸ್ತೆಯ ತರಬೇತಿ ಕೋಣೆಗೆ ಹೋದರು. ಹಳೆಯ ಕಂಪ್ಯೂಟರುಗಳು ಗೋಡೆಗೆ ಬೆನ್ನು ಹಾಕಿ ಕುಳಿತಿದ್ದವು. ಪಂಚರ ಎದುರಿನಲ್ಲಿ ಮೂರನೆಯ ಪಾಠವನ್ನು ತೆರೆಸಿದರು. ಚೌಕದೊಳಗೆ ಚಕ್ರವೊಂದು ಬಹಳ ಹೊತ್ತು ತಿರುಗಿ ಕೊನೆಗೆ ಚಿತ್ರ ಬಂತು. ಬೆಳಗಿನ ಮಂಜು, ಬಾಳೆ ತೋಟ, ತಟ್ಟೆ ಬಡಿಯುತ್ತಾ ಒಳಗೆ ಹೋಗುವ ಒಬ್ಬ ಮನುಷ್ಯ. ಆಮೇಲೆ ಬಾಳೆಗಿಡಗಳು ಒಮ್ಮೆಲೇ ಬಾಗಿದವು. ಭವ್ಯ ಮುಖ ತಿರುಗಿಸಿದಳು. ರಾಜಶೇಖರ್ ಪಂಚನಾಮೆ ಬರೆದು ಪಂಚರ ಸಹಿ ಹಾಕಿಸಿಕೊಂಡರು.

ಮರುದಿನ ರಾಜಶೇಖರ್ ಚಾಮರಾಜನಗರದಲ್ಲಿದ್ದ ಟ್ರಸ್ಟಿನ ಮುಖ್ಯ ಕಚೇರಿಗೆ ಹೋದರು. ಪಾಠಗಳನ್ನು ಸಿದ್ಧಪಡಿಸುವ ಸುಧಾಮಣಿ ಎದ್ದು ನಿಂತೇ ಉತ್ತರ ಕೊಟ್ಟಳು.

"ಆ ವಿಡಿಯೊ ನಿಮ್ಮ ಹತ್ತಿರ ಇದೆಯಾ?"

"ಇಲ್ಲ ಸಾರ್. ವಿಡಿಯೊಗಳನ್ನ ಇಟ್ಕೊಳ್ಳೋಕೆ ನಮ್ಮಲ್ಲಿ ಜಾಗ ಇಲ್ಲ. ಹೊರಗಿನ ವೆಬ್‌ಸೈಟಲ್ಲಿ ಇರುತ್ತೆ. ಪಾಠದಲ್ಲಿ ಅದರ ವಿಳಾಸ ಹಾಕಿದರೆ ಇಲ್ಲಿ ಕಾಣುತ್ತೆ."

"ವಿಳಾಸ ಬದಲಾಗಿದೆಯಾ?"

"ಬದಲಾಗಿದೆ. ಭಾನುವಾರ ಸಂಜೆ."

"ಬದಲಾಯಿಸಿದವರು?"

ಅವಳು ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಅಲ್ಲಿ ಅವಳದೇ ಹೆಸರಿತ್ತು. "ನಾನಲ್ಲ ಸಾರ್. ಭಾನುವಾರ ತಂಗಿ ನಿಶ್ಚಿತಾರ್ಥಕ್ಕೆ ನಂಜನಗೂಡಿಗೆ ಹೋಗಿದ್ದೆ. ಬೇಕಾದರೆ ವಿಚಾರಿಸಿ."

"ನಿಮ್ಮ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

ಸುಧಾಮಣಿ ತಲೆ ತಗ್ಗಿಸಿದಳು. "ಈಗ ಇಲ್ಲಿರೋರಿಗೆ ಯಾರಿಗೂ ಗೊತ್ತಿಲ್ಲ" ಎಂದಳು.

ಆ 'ಈಗ' ಎಂಬ ಮಾತನ್ನು ರಾಜಶೇಖರ್ ಗಮನಿಸಿದರು. ಒತ್ತಾಯಿಸಲಿಲ್ಲ. ವಿಡಿಯೊವನ್ನು ಇನ್ನೊಮ್ಮೆ ಹಾಕುವಂತೆ ಹೇಳಿದರು. ಇಲ್ಲಿನ ಕಂಪ್ಯೂಟರಿಗೆ ಸ್ಪೀಕರ್ ಇತ್ತು. ಗುಂಡ್ಲುಪೇಟೆಯ ಕೋಣೆಯಲ್ಲಿ ಒಂದಕ್ಕೂ ಇರಲಿಲ್ಲ.

ಮೊದಲು ಕೇಳಿಸಿದ್ದು ವಾಕಿಟಾಕಿಯ ಗರಗರ ಸದ್ದು.

"ಸಾರ್, ಒಂಟಿ ಆನೆ ಸಾರ್. ಪಟಾಕಿ ಇಲ್ದೆ ಆಗಕಿಲ್ಲ." ಅದು ಗುರುಮಲ್ಲಯ್ಯನ ದನಿ.

"ಪಟಾಕಿ ನಾಳೆ ಬರುತ್ತೆ. ಇವತ್ತು ತಟ್ಟೆ ಬಡಿದು ಓಡಿಸು. ಆಗಲ್ಲ ಅಂದ್ರೆ ಕೆಲಸ ಬಿಟ್ಟು ಮನೆಗೆ ಹೋಗು."

ಆಮೇಲೆ ತಟ್ಟೆಯ ಸದ್ದು. ಕಡೆಗೆ, ಚಿತ್ರ ತೆಗೆಯುತ್ತಿದ್ದವನ ಕಿರುಚಾಟ: "ಮಲ್ಲಣ್ಣ, ಬ್ಯಾಡ ಕಣಣ್ಣ, ಇಂದುಕ್ ಬಾ! ಇಂದುಕ್ ಬಾ!"

ಸುಧಾಮಣಿ ಕುರ್ಚಿಯಲ್ಲಿ ಕುಳಿತುಬಿಟ್ಟಳು.

"ಕಿರುಚಿದ್ದು ಯಾರು?"

"ಶಿವಮೂರ್ತಿ. ಭೀಮನಬೀಡಿನವನು. ಪಾಠಕ್ಕೆ ಬೇಕು ಅಂತ ನಾವೇ ವಿಡಿಯೊ ತೆಗೆಯೋಕೆ ಕಳಿಸ್ತಿದ್ವಿ. ಪಾಠಕ್ಕೆ ಸೇರಿಸೋದನ್ನ ನಾನೇ ಹೇಳಿಕೊಟ್ಟಿದ್ದೆ. ಏಪ್ರಿಲಲ್ಲಿ ಅವನನ್ನ ತೆಗೆದುಹಾಕಿದ್ರು." ಪರದೆಯ ಮೇಲಿನ ತನ್ನ ಹೆಸರನ್ನು ನೋಡುತ್ತಾ ಹೇಳಿದಳು: "ಪಾಸ್‌ವರ್ಡ್ ಬದಲಾಯಿಸಬೇಕಿತ್ತು ಸಾರ್. ಬದಲಾಯಿಸಲಿಲ್ಲ."

"ವಾಕಿಟಾಕಿಯಲ್ಲಿ ಮಾತಾಡಿದ್ದು?"

"ಮೇಲ್ವಿಚಾರಕರು. ಗುರುಪಾದಸ್ವಾಮಿ."

ಠಾಣೆಗೆ ಮರಳಿದ ರಾಜಶೇಖರ್ ಏಪ್ರಿಲ್ ತಿಂಗಳ ಅಸಹಜ ಸಾವಿನ ಕಡತ ತರಿಸಿದರು. ಗುರುಮಲ್ಲಯ್ಯ ಕುಡಿದ ಅಮಲಿನಲ್ಲಿ ತಾನಾಗಿಯೇ ಆನೆಯ ಹತ್ತಿರ ಹೋದ ಎಂದು ಗುರುಪಾದಸ್ವಾಮಿ ಹೇಳಿಕೆ ಕೊಟ್ಟಿದ್ದರು. ಮರಣೋತ್ತರ ವರದಿಯಲ್ಲಿ ಮದ್ಯದ ಸುಳಿವೇ ಇರಲಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಯಾರೂ ಓದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಶಿವಮೂರ್ತಿ ಭೀಮನಬೀಡಿನಲ್ಲೇ ಸಿಕ್ಕಿದ. ಕೇರಳದ ಲಾರಿಗೆ ಎಲೆಕೋಸು ತುಂಬುತ್ತಿದ್ದ. ಜೀಪು ಕಂಡು ಹೆಗಲ ಮೇಲಿನ ಮೂಟೆಯನ್ನು ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಂಡು ತಾನೇ ಹತ್ತಿರ ಬಂದ.

"ಪಾಠದ ವಿಡಿಯೊ ಬದಲಾಯಿಸಿದ್ದು ನೀನೇನಾ?"

"ನಾನೇ ಸಾರ್."

"ಎಲ್ಲಿಂದ?"

"ಪ್ಯಾಟೆ ಬ್ರೌಸಿಂಗ್ ಸೆಂಟರಿಂದ."

"ಯಾಕೆ?"

"ಗುರುಪಾದಸ್ವಾಮಿಯೋರ್ಗೆ ತೋರುಸ್ದೆ, ಅಳಸ್ಬುಡು ಅಂದ್ರು. ಅಳಸ್ನಿಲ್ಲ, ಕೆಲ್ಸದಿಂದ ತಗುದ್ಬುಟ್ರು. ಇಂಟರ್‌ನೆಟ್‌ಗೆ ಆಕ್ದೆ, ಒಬ್ರೂ ನೋಡ್ನಿಲ್ಲ. ಈಗ ಒಸ ಉಡುಗ್ರು ಬಂದವ್ರೆ ಅಂದ್ರು. ಪಟಾಕಿ ಕೊಡ್ದೆ ಕಳುಸುದ್ರೆ ಓಗ್ಬ್ಯಾಡಿ ಅಂತ ಅವ್ರಿಗೆ ತಿಳೀಲಿ ಅಂತ ಮಾಡ್ದೆ. ಅವ್ರೆಲ್ಲ ಕೇಳುಸ್ಕಂಡ್ರಾ ಸಾರ್?"

"ಆ ಕೋಣೇಲಿ ಸ್ಪೀಕರ್ ಇರಲಿಲ್ಲ."

ಶಿವಮೂರ್ತಿಗೆ ತಕ್ಷಣ ಅರ್ಥವಾದಂತೆ ಕಾಣಲಿಲ್ಲ.

"ಬರೀ ಚಿತ್ರ ಕಂಡಿದೆ. ನೋಡಿದವರಲ್ಲಿ ಪುಟ್ಟಸಿದ್ದಮ್ಮನೂ ಇದ್ದಳು. ಕೊನೆ ಗಳಿಗೆಯಲ್ಲಿ ಅವಳನ್ನ ಆ ತಂಡಕ್ಕೆ ಸೇರಿಸಿದ್ರಂತೆ."

ಅವನು ರಸ್ತೆಯ ಬದಿಯಲ್ಲೇ ಕುಕ್ಕರಿಸಿದ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಲಾರಿಯ ಚಾಲಕ ಮಲಯಾಳದಲ್ಲಿ ಏನೋ ಕೇಳಿದ. ಹನ್ನೊಂದೂಕಾಲಕ್ಕೆ ಬಂಧನವಾಯಿತು. ಅವನ ಮೊಬೈಲನ್ನು ವಶಪಡಿಸಿಕೊಂಡರು.

ಠಾಣೆಯಲ್ಲಿ ಈರಮ್ಮ ಸೊಸೆಯನ್ನು ಕೈಹಿಡಿದು ಕರೆದುಕೊಂಡು ಬಂದು ಕಾಯುತ್ತಿದ್ದಳು. ಶಿವಮೂರ್ತಿಯನ್ನು ಕಂಡವಳೇ, "ಏನ್ಲಾ, ನಮ್ ಮನೇಲಿ ಉಂಡವ್ನು ನೀನು! ಇಂಗ್ ಮಾಡ್ಬುಟ್ಯಲ್ಲೋ!" ಎಂದು ಅವನ ಎದೆಗೆ ಬಡಿದಳು. ಅವನು ಕೈ ಅಡ್ಡ ತರಲಿಲ್ಲ.

"ತಪ್ಪಾಯ್ತು ಕಣವ್ವ. ಅಕ್ಕನೂ ಪಾಠಕ್ಕೆ ಬತ್ತವ್ಳೆ ಅಂತ ನಂಗೊತ್ತಿರ್ನಿಲ್ಲ."

ಆಗ ಪುಟ್ಟಸಿದ್ದಮ್ಮ ಬಾಯಿ ತೆರೆದಳು. ದನಿ ಒಡೆದಿತ್ತು.

"ಅವ್ರು ಕುಡ್ದಿದ್ರಾ?"

"ಇಲ್ಲ ಕಣಕ್ಕ. ಸ್ವಾಮವಾರ ಅಲ್ವಾ, ಒಪ್ಪತ್ತು. ಒಂದ್ ಲೋಟ ಟೀನೂ ಕುಡ್ದಿರ್ನಿಲ್ಲ."

ಅವಳು ರಾಜಶೇಖರ್ ಅವರ ಕಡೆ ನೋಡಿದಳು. ಅವರು, "ಕುಡಿದಿರಲಿಲ್ಲಮ್ಮ. ಡಾಕ್ಟರ ವರದೀಲೂ ಇಲ್ಲ. ಪಟಾಕಿ ಇಲ್ಲದೆ ಆಗೋದಿಲ್ಲ ಅಂತಲೂ ಹೇಳಿದ್ದ, ಕೆಲಸದಿಂದ ತೆಗೀತೀವಿ ಅಂತ ಹೆದರಿಸಿ ಕಳಿಸಿದ್ರು" ಎಂದರು.

"ಎಂಟ್ ತಿಂಗ್ಳಿಂದ ಬಯ್ಯುತಿವ್ನಿ. ಕುಡ್ದು ಸತ್ತ, ನಮ್ನ ನಡುನೀರ್ನಾಗ್ ಬುಟ್ಟ ಅಂತ. ಅವ್ರ ಪೋಟೋಗೆ ಒಂದ್ ಊವ ಆಕ್ನಿಲ್ಲ." ಅವಳು ಅತ್ತೆಯ ಹೆಗಲಿಗೆ ಮುಖ ಒತ್ತಿದಳು. ಐದು ದಿನಗಳಿಂದ ಬಾರದಿದ್ದ ಅಳು ಆಗ ಬಂತು. ಭವ್ಯ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದಳು.

ಗುರುಮಲ್ಲಯ್ಯನ ಸಾವಿನ ಮರುತನಿಖೆಗೆ ಅನುಮತಿ ಕೋರಿ ರಾಜಶೇಖರ್ ಅಂದೇ ಮೇಲಧಿಕಾರಿಗಳಿಗೆ ಬರೆದರು. ಗುರುಪಾದಸ್ವಾಮಿಗೆ ನೋಟಿಸ್ ಹೋಯಿತು. ಆದರೆ ಬೇರೆಯವರ ಪಾಸ್‌ವರ್ಡ್ ಬಳಸಿ ಪಾಠ ತಿದ್ದಿದ್ದು ಅಪರಾಧವೇ ಆಗಿತ್ತು. ಶಿವಮೂರ್ತಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲೇಬೇಕಿತ್ತು.

ಜೀಪು ಹತ್ತುವಾಗ ಅವನು ಕೇಳಿದ: "ಸಾರ್, ಆ ವಿಡಿಯೊ ತಗುದ್ಬುಟ್ರಾ?"

"ತೆಗೆದಿದ್ದಾರೆ."

"ತಗೀಲಿ. ಅಕ್ಕನ ಕಣ್ಗೆ ಅದು ಇನ್ ಬೀಳ್ಬಾರ್ದು. ಆದ್ರೆ ಆ ಜಾಗ ಕಾಲಿ ಬುಡ್ಬ್ಯಾಡಿ ಅನ್ನಿ. ಒಂಟಿ ಆನೆ ಮುಂದ್ಕೆ ಪಟಾಕಿ ಇಲ್ದೆ ಓಗ್ಬ್ಯಾಡಿ ಅಂತ ಅಕ್ಸರದಲ್ಲಾದ್ರೂ ಬರೀಲಿ."

ನ್ಯಾಯಾಲಯದಿಂದ ಮರಳಿದ ಮೇಲೆ ರಾಜಶೇಖರ್ ಸುಧಾಮಣಿಗೆ ಫೋನ್ ಮಾಡಿ ಆ ಮಾತನ್ನು ಹಾಗೆಯೇ ಹೇಳಿದರು.

"ಈಗಲೇ ಬರೀತೀನಿ ಸಾರ್. ಆದರೆ ಆ ತಂಡದ ತರಬೇತಿ ಮುಗೀತು. ಪುಟ್ಟಸಿದ್ದಮ್ಮನ ಬಿಟ್ಟು ಎಲ್ಲರನ್ನೂ ಬೆಳಿಗ್ಗೆಯೇ ಕಾಡಂಚಿಗೆ ಕಳಿಸಿಬಿಟ್ಟಿದ್ದಾರೆ."

"ಪಟಾಕಿ ಕೊಟ್ಟು ಕಳಿಸಿದ್ದಾರಾ?"

"ಗೊತ್ತಿಲ್ಲ ಸಾರ್" ಎಂದಳು ಸುಧಾಮಣಿ.

ರಾಜಶೇಖರ್ ಫೋನ್ ಇಟ್ಟು, ಜೀಪು ತೆಗೆಯುವಂತೆ ಹೇಳಿದರು.