ಎಡಕ್ಕೆ ನೆಟ್ಟ ಕಂಬ

ಆ ಕೆಂಪು ಕಂಬ ಕಂಡದ್ದೇ ಬುರ್ಗಿಯ ಎದೆ ಧಸಕ್ಕೆಂದಿತು.

ಸ್ಕೀ ಪಂದ್ಯದ ಎರಡನೇ ಸುತ್ತಿಗೆ ಮುಂಚೆ ಹುಡುಗಿಯರೆಲ್ಲ ಹಿಮದಲ್ಲಿ ನೆಟ್ಟ ಕಂಬಗಳ ಪಕ್ಕದಲ್ಲಿ ಮೆಲ್ಲಗೆ ಜಾರುತ್ತ, ಎಲ್ಲೆಲ್ಲಿ ತಿರುಗಬೇಕೆಂದು ದಾರಿ ಬಾಯಿಪಾಠ ಮಾಡುವ ಹೊತ್ತು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಬುರ್ಗಿಯೇ. ಈ ಸುತ್ತಿಗೆ ಕಂಬ ನೆಡುವ ಸರದಿ ಚೀಟಿಯಲ್ಲಿ ಎದುರಾಳಿ ಸ್ವಿಸ್ ತಂಡಕ್ಕೆ ಬಂದಿತ್ತು. ನೆಟ್ಟವನು ಅವರ ಕೋಚ್ ಫ್ಲೂರಿನ್. ಎರಡು ಚಳಿಗಾಲದಿಂದ ಬುರ್ಗಿಯ ಪ್ರೇಮಿ.

ಕಡಿದಾದ ಇಳಿಜಾರಿನ ಬುಡದಲ್ಲಿ ಒತ್ತೊತ್ತಾಗಿ ಕೆಲವು ಕಂಬ. ಆಮೇಲೆ ತಟ್ಟನೆ ಎಡಕ್ಕೆ, ದೂರದಲ್ಲಿ, ಇದು. ಅಲ್ಲಿ ಇಡೀ ಭಾರ ಬೀಳುವುದು ಬಲಗಾಲಿನ ಮೇಲೆ. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆದ ಕಾಲು. ಇಂಥ ತಿರುವಿನಲ್ಲಿ ಭಯಕ್ಕೆ ತನ್ನ ಕಣ್ಣು ಮುಚ್ಚಿಹೋಗುತ್ತದೆ ಎಂದು ಅವಳು ಹೇಳಿದ್ದು ಜಗತ್ತಿನಲ್ಲಿ ಒಬ್ಬನಿಗೇ.

ಅವನು ಅಲ್ಲೇ ನಿಂತಿದ್ದ.

"ಏನೋ ಇದು?"

"ಕಂಬ." ಕಣ್ಣಂಚಿನಲ್ಲಿ ತುಂಟ ನಗೆ. ಬೆಳಿಗ್ಗೆ ಇದೇ ನಗೆ ನೋಡುತ್ತ ಅವಳು ಕಾಫಿ ಚೆಲ್ಲಿಕೊಂಡಿದ್ದಳು.

"ನನ್ನ ಕಾಲಿಗೇ ನೆಟ್ಟಿದ್ದೀಯ."

ನಗೆ ಆರಿತು. "ಲಾಡಿನಾ ನಿನ್ನ ಹಿಂದೇನೇ, ಎರಡನೇ ಸ್ಥಾನದಲ್ಲಿ ಇದ್ದಾಳೆ, ಬುರ್ಗಿ. ನಾನು ಅವಳ ಕೋಚ್. ಎಲ್ಲರೂ ತಮ್ಮ ಹುಡುಗಿಗೆ ಅನುಕೂಲ ಆಗೋ ಹಾಗೇ ನೆಡ್ತಾರೆ. ನಿಮ್ಮೋರು ನೆಡಲ್ವಾ?"

"ನೆಡ್ತಾರೆ. ಆದರೆ ಅವರ ತೊಡೆ ಮೇಲೆ ಕಾಲಿಟ್ಕೊಂಡು ಲಾಡಿನಾ ಭಯ ಹೇಳ್ಕೊಂಡಿರಲ್ಲ."

ಅವನು ಕಂಬದ ಬುಡದ ಹಿಮವನ್ನು ಬೂಟಿನಿಂದ ತುಳಿದು ಗಟ್ಟಿ ಮಾಡಿದ.

ಮೊದಲ ಸುತ್ತಿನಲ್ಲಿ ಮುಂದಿದ್ದವಳು ಎರಡನೆಯದರಲ್ಲಿ ಕೊನೆಗೆ ಇಳಿಯಬೇಕು. ಬುರ್ಗಿ ಮೇಲೆ ಕಾಯುತ್ತಿದ್ದಾಗ ಕೆಳಗಿನಿಂದ ಜನರ ಉದ್ಗಾರ ಎದ್ದಿತು.

"ಲಾಡಿನಾ ಔಟ್!" ಬುರ್ಗಿಯ ಕೋಚ್ ರೇಡಿಯೋ ಕಿವಿಗೊತ್ತಿಕೊಂಡು ಕೂಗಿದ. "ಆ ಎಡ ತಿರುವಲ್ಲೇ. ಪೆಟ್ಟೇನಿಲ್ಲ."

ಬುರ್ಗಿಗೆ ನಗು ಬರಲಿಲ್ಲ. ಹೊರಟಳು.

ಕೆಂಪು ಕಂಬ ಬಂತು. ಬಲ ಮೊಣಕಾಲು ಬಾಗಿತು, ತಡೆದುಕೊಂಡಿತು. ಅವಳ ಕಣ್ಣು ತೆರೆದೇ ಇತ್ತು. ದಾರಿಯ ಅಂಚಿನಲ್ಲಿ ಫ್ಲೂರಿನ್ ಕಂಡ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದ.

ಗೆದ್ದಳು.

ಅವನು ಏದುಸಿರು ಬಿಡುತ್ತ ಕೆಳಗೆ ಬಂದ. "ಬುರ್ಗಿ, ನಾನು..."

"ಮೊಣಕಾಲು ಮತ್ತೆ ಹರಿದಿದ್ದರೆ?"

"ನಾನೇ ಎತ್ಕೊಂಡು ಹೋಗ್ತಿದ್ದೆ. ನಿನ್ನಾಣೆ."

ಅವನು ನಿಜವನ್ನೇ ಹೇಳುತ್ತಿದ್ದ. ಅದಕ್ಕೇ ಅವಳು ಮತ್ತೊಮ್ಮೆ ಬೆಚ್ಚಿದಳು.

"ಗೊತ್ತು ಕಣೋ. ಎತ್ಕೊಳ್ತಿದ್ದೋನೂ ನೀನೇ, ಬೀಳಿಸ್ತಿದ್ದೋನೂ ನೀನೇ."

ಅವನ ಟೋಪಿಯ ಮೇಲಿನ ಹಿಮವನ್ನು ಅಭ್ಯಾಸಬಲದಿಂದ ಮೆತ್ತಗೆ ಕೊಡವಿದಳು. ಆಮೇಲೆ ಅವನನ್ನು ಅಲ್ಲೇ ಬಿಟ್ಟು, ತನ್ನ ಹೆಸರು ಕೂಗುತ್ತಿದ್ದ ಜನರತ್ತ ನಡೆದಳು. ಕಾಲು ಒಂದಿಷ್ಟೂ ನೋಯುತ್ತಿರಲಿಲ್ಲ.